ಅವರೆ ಮೇಳ: ಬಿತ್ತುವಾಗಲೇ ಆರಂಭವಾಗಬೇಕಾದ ತಂಡದ ಕೆಲಸ

ನಮ್ಮ ಹಳ್ಳಿಗಳಲ್ಲಿ ಜಾತ್ರೆ ಅಚ್ಚುಕಟ್ಟಾಗಿ ನಡೆಯುತ್ತದೆ. ತೇರಿನ ಹಗ್ಗ ತರುವ ಮನೆ ಯಾವುದು, ಪಾನಕ ಮಜ್ಜಿಗೆ ಹಂಚುವವರು ಯಾರು, ದೀಪದ ಎಣ್ಣೆ ಯಾರದು ಎಂಬುದು ಊರಿಗೆಲ್ಲ ತಿಳಿದಿರುತ್ತದೆ. ಆದರೆ ಅದೇ ಊರಿನ ರೈತರು ಒಂದಾಗಿ ಪಟ್ಟಣದಲ್ಲಿ ಒಂದು ದಿನದ ಮಾರಾಟ ಮೇಳ ನಡೆಸಲು ಹೊರಟಾಗ ಗೊಂದಲವಾಗುವುದುಂಟು. ಜಾತ್ರೆಗೆ ತಲೆತಲಾಂತರದ ರೂಢಿಯ ಬೆಂಬಲವಿದೆ, ಮೇಳಕ್ಕೆ ಅದಿಲ್ಲ. ರೂಢಿ ಮಾಡುವ ಕೆಲಸವನ್ನು ಇಲ್ಲಿ ಬರೆದಿಟ್ಟ ಯೋಜನೆ ಮಾಡಬೇಕು.

ಹೊಸಕೋಟೆ ಕಡೆಯ ಒಂದು ರೈತ ಉತ್ಪಾದಕರ ಸಂಘವು ಬೆಂಗಳೂರಿನ ಕಲ್ಯಾಣ ನಗರದಲ್ಲಿ ಸೊಗಡಿನ ಅವರೆಕಾಯಿಯ ಮೇಳ ಮಾಡಬೇಕೆಂದಿದೆ ಎಂದು ಭಾವಿಸೋಣ. ಹೆಣ್ಣೂರು ರಸ್ತೆ, ಬಾಣಸವಾಡಿ ರಸ್ತೆಗಳ ನಡುವೆ ಹಳ್ಳಿಗಳ ನೆಲದಲ್ಲಿ ಬೆಳೆದ ಬಡಾವಣೆ ಇದು. ಹಿತಕಿದ ಬೇಳೆಯ ಸಾರಿನ ರುಚಿ ಬಲ್ಲ ಮನೆಗಳಿಗೆ ಇಲ್ಲಿ ಕೊರತೆಯಿಲ್ಲ. ಇಂತಹ ಮೇಳವನ್ನು ತಂಡವಾಗಿ ಯೋಜಿಸುವ ಕ್ರಮವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ದಿನವನ್ನು ಬೆಳೆ ನಿಶ್ಚಯಿಸಲಿ

ನಾಟಿ ಅವರೆಯು ಹಗಲಿನ ಅವಧಿಗೆ ಸ್ಪಂದಿಸುವ ಬೆಳೆ. ರಾಗಿಯ ಜೊತೆ ಅಕ್ಕಡಿಯಾಗಿ ಜುಲೈ ಅಥವಾ ಆಗಸ್ಟ್‌ನಲ್ಲಿ ಬಿತ್ತಿದರೂ ಹಗಲು ಕಿರಿದಾದ ಮೇಲೆಯೇ ಅದು ಹೂ ಬಿಡುತ್ತದೆ. ಆದುದರಿಂದ ಹಸಿಕಾಯಿಯ ಸುಗ್ಗಿ ಡಿಸೆಂಬರ್ ಮತ್ತು ಜನವರಿಯಲ್ಲಿ ಬರುತ್ತದೆ. ಹೆಬ್ಬಾಳ ಅವರೆ–3 ಮತ್ತು ಹೆಬ್ಬಾಳ ಅವರೆ–4 ತಳಿಗಳಿಗೆ ಈ ಕಟ್ಟಿಲ್ಲ, ಅವನ್ನು ವರ್ಷದ ಇತರ ಕಾಲದಲ್ಲಿಯೂ ಬೆಳೆಯಬಹುದು. ಯಾವ ತಳಿಯೇ ಆಗಲಿ, ಕಾಳು ತುಂಬಿಯೂ ಎಳೆಯದಾಗಿರುವ ದಿನಗಳು ಕೆಲವೇ. ಮೇಳ ಆ ದಿನಗಳೊಳಗೆ ಬರಬೇಕು.

ಕೆಲವು ವರ್ಷಗಳ ಹಿಂದೆ ನಾನೂ ಸೇರಿ ನಡೆಸಿದ ಇಂತಹ ಒಂದು ಮೇಳದಲ್ಲಿ ಈ ಮಾತನ್ನು ಮರೆತೆವು. ಮುಖ್ಯ ಅತಿಥಿಗಳಿಗೆ ಬಿಡುವಿಲ್ಲವೆಂದು ದಿನವನ್ನು ಹನ್ನೆರಡು ದಿನ ಮುಂದಕ್ಕೆ ಹಾಕಿದೆವು. ಅತಿಥಿಗಳು ಬಂದರು, ಆದರೆ ಅಷ್ಟರಲ್ಲಿ ಕಾಯಿ ಬಲಿತಿತ್ತು. ಗೃಹಿಣಿಯರು ಕಾಯನ್ನು ಅಮುಕಿ ನೋಡಿ ಹಾಗೆಯೇ ಕೆಳಗಿಟ್ಟು ಹೋದರು. ಉಳಿದ ಮಾಲನ್ನು ಸಂಜೆ ಸಗಟು ವ್ಯಾಪಾರಿ ಕೇಳಿದ ಬೆಲೆಗೆ ಕೊಟ್ಟು ಬರಬೇಕಾಯಿತು. ನಷ್ಟ ಹೊತ್ತವರು ಅತಿಥಿಗಳಲ್ಲ, ಯೋಜನೆ ಬರೆದ ನಾನೂ ಅಲ್ಲ. ಕಾಯಿ ಬಿಡಿಸಲು ಕೂಲಿ ಕೊಟ್ಟ ರೈತರು.

ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ನಡೆಯುವ ಕೃಷಿ ಮೇಳವನ್ನು ನೋಡಿದವರು ಅಲ್ಲಿನ ಪ್ರಾತ್ಯಕ್ಷಿಕೆ ತಾಕುಗಳನ್ನು ಗಮನಿಸಿರಬಹುದು. ಮೇಳದ ದಿನ ಬೆಳೆ ತೆನೆ ತುಂಬಿ ನಿಂತಿರಬೇಕಾದರೆ ಬಿತ್ತನೆ ತಿಂಗಳುಗಳ ಹಿಂದೆಯೇ ಆಗಿರಬೇಕು. ಚಿಕ್ಕ ಮೇಳಕ್ಕೂ ಇದೇ ನಿಯಮ.

ಮೇಳದ ದಿನದಿಂದ ಹಿಂದಕ್ಕೆ ಎಣಿಸಿ

ದಿನ ಗೊತ್ತಾದ ಮೇಲೆ ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಕೆಲಸಗಳನ್ನು ಬರೆಯಬೇಕು.

1. ಬಿತ್ತನೆಯ ಕಾಲ: ಯಾರ ಹೊಲದಲ್ಲಿ ಎಷ್ಟು ವಿಸ್ತೀರ್ಣ, ಯಾವ ತಳಿ ಎಂದು ಪಟ್ಟಿ ಮಾಡುವುದು.

2. ಎರಡು ತಿಂಗಳ ಮೊದಲು: ಮೈದಾನವನ್ನು ಗೊತ್ತುಪಡಿಸಿ, ಅದು ಯಾರ ಸ್ವಾಧೀನದಲ್ಲಿದೆಯೋ ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು. ನಿವಾಸಿಗಳ ಸಂಘದವರನ್ನು ಭೇಟಿ ಮಾಡುವುದು.

3. ಒಂದು ತಿಂಗಳ ಮೊದಲು: ಪೊಲೀಸ್ ಠಾಣೆಗೆ ಅರ್ಜಿ ಕೊಡುವುದು. ಧ್ವನಿವರ್ಧಕಕ್ಕೆ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದನ್ನು ಹಾಕುವಂತಿಲ್ಲ. ತಿಂಡಿ ಮಾಡಿ ಮಾರುವುದಾದರೆ ಆಹಾರ ಸುರಕ್ಷತಾ ನೋಂದಣಿ ಇರಬೇಕು.

4. ಹದಿನೈದು ದಿನ ಮೊದಲು: ಹೊಲಗಳಿಗೆ ಹೋಗಿ ಕಾಯಿಯ ಹಂತ ನೋಡುವುದು. ಅಗತ್ಯವಿದ್ದರೆ ದಿನವನ್ನು ಬದಲಿಸಲು ಇದೇ ಕೊನೆಯ ಅವಕಾಶ.

5. ಒಂದು ವಾರ ಮೊದಲು: ಬಡಾವಣೆಯಲ್ಲಿ ಪ್ರಚಾರ ಮಾಡುವುದು. ತಕ್ಕಡಿಗಳಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆಯೇ ಎಂದು ನೋಡುವುದು.

6. ಹಿಂದಿನ ದಿನ: ಕಾಯಿ ಬಿಡಿಸಿ ವಿಂಗಡಿಸುವುದು. ಬಿಡಿಸಿದ ಕಾಯನ್ನು ನೆರಳಿನಲ್ಲಿ ಹರಡಬೇಕು. ಒದ್ದೆ ಮಾಡಿ ಗೋಣಿಯಲ್ಲಿ ಅದುಮಿ ತುಂಬಿದರೆ ಬಿಸಿಯೇರಿ ಬಣ್ಣ ಕೆಡುತ್ತದೆ.

ತಡವಾಗಬಾರದ ಕೆಲಸಗಳನ್ನು ಗುರುತಿಸಿ

ಎಲ್ಲ ಕೆಲಸಗಳೂ ಒಂದೇ ತೂಕದವಲ್ಲ. ಬ್ಯಾನರು ಒಂದು ದಿನ ತಡವಾಗಿ ಬಂದರೆ ಹೆಚ್ಚು ಹಾನಿಯಿಲ್ಲ. ಆದರೆ ಬಿಡಿಸುವುದು, ವಿಂಗಡಿಸುವುದು, ಲಾರಿಗೆ ತುಂಬುವುದು, ಸಾಗಿಸುವುದು, ಮಳಿಗೆಯಲ್ಲಿ ಜೋಡಿಸುವುದು ಒಂದರ ಬಾಲ ಒಂದು ಹಿಡಿದು ಬರುವ ಕೆಲಸಗಳು. ಇವುಗಳಲ್ಲಿ ಯಾವುದೊಂದು ಒಂದು ಗಂಟೆ ತಡವಾದರೂ ಇಡೀ ಮೇಳ ಒಂದು ಗಂಟೆ ತಡವಾಗುತ್ತದೆ. ಅಮೆರಿಕೆಯ ಡುಪಾಂಟ್ ಕಂಪನಿಯವರು 1957ರ ಸುಮಾರಿಗೆ ತಮ್ಮ ಕಾರ್ಖಾನೆಗಳ ಕೆಲಸಕ್ಕಾಗಿ ಈ ಸರಪಳಿಯನ್ನು ಲೆಕ್ಕಹಾಕುವ ವಿಧಾನವನ್ನು ರೂಪಿಸಿದರು. ಅದರ ಸಾರ ಇಷ್ಟೇ: ತಂಡದ ಸಮರ್ಥರನ್ನು ಈ ಸರಪಳಿಯ ಮೇಲೆ ನಿಲ್ಲಿಸಬೇಕು, ವೇದಿಕೆಯ ಮೇಲಲ್ಲ.

ಮಾರಾಟ ಬೆಳಿಗ್ಗೆ 7ಕ್ಕೆ ಆರಂಭವಾಗಬೇಕೆಂದುಕೊಳ್ಳಿ. ಜೋಡಿಸಲು ಒಂದು ಗಂಟೆ ಬೇಕು, ಆದ್ದರಿಂದ ಲಾರಿ 6ಕ್ಕೆ ಮೈದಾನದಲ್ಲಿರಬೇಕು. ಹಳೆ ಮದ್ರಾಸ್ ರಸ್ತೆಯಲ್ಲಿ ಬಂದು ಕೃಷ್ಣರಾಜಪುರ, ಟಿನ್ ಫ್ಯಾಕ್ಟರಿ ದಾಟಿ ಹೊರವರ್ತುಲ ರಸ್ತೆ ಹಿಡಿಯಬೇಕು. ಬೆಳಗಾದರೆ ಟಿನ್ ಫ್ಯಾಕ್ಟರಿಯ ಬಳಿ ವಾಹನ ಸಾಲುಗಟ್ಟುವುದು ಎಲ್ಲರಿಗೂ ಗೊತ್ತಿದೆ. ಭಾರಿ ಸರಕು ವಾಹನಗಳಿಗೆ ದಟ್ಟಣೆಯ ವೇಳೆಯಲ್ಲಿ ನಿರ್ಬಂಧವೂ ಇರುತ್ತದೆ. ಆದುದರಿಂದ ಊರಿನಿಂದ 4 ಗಂಟೆಗೆ ಹೊರಡುವುದು ಲೇಸು. ಅಂದರೆ ಲಾರಿ ತುಂಬುವ ಕೆಲಸ ಹಿಂದಿನ ರಾತ್ರಿಯೇ ಮುಗಿದಿರಬೇಕು.

ಆಳು ಮತ್ತು ತಕ್ಕಡಿಯ ಲೆಕ್ಕ

300 ಮನೆಯವರು ಬಂದು ತಲಾ 2 ಕಿಲೋ ಕೊಳ್ಳುವರೆಂದು ಇಟ್ಟುಕೊಂಡರೆ 600 ಕಿಲೋ ಕಾಯಿ ಬೇಕು. ಒಬ್ಬ ಆಳು ದಿನಕ್ಕೆ 30 ಕಿಲೋ ಬಿಡಿಸಿದರೆ 20 ಆಳುಗಳು ಬೇಕು. ಈ ಅಂಕಿಗಳು ಲೆಕ್ಕದ ಕ್ರಮಕ್ಕಾಗಿ ಮಾತ್ರ, ನಿಮ್ಮ ಹೊಲದ ಅನುಭವದಂತೆ ಬದಲಿಸಿಕೊಳ್ಳಿ.

ಇನ್ನು ತಕ್ಕಡಿ. ಒಬ್ಬರೇ ತೂಗಿ ಹಣವನ್ನೂ ಎಣಿಸಿಕೊಂಡರೆ ಒಬ್ಬ ಗ್ರಾಹಕರಿಗೆ 2 ನಿಮಿಷ ಹಿಡಿಯುತ್ತದೆ ಎನ್ನೋಣ. ಹಾಗಾದರೆ ಒಂದು ತಕ್ಕಡಿಯಲ್ಲಿ ಗಂಟೆಗೆ 30 ಜನ. ಮೊದಲ ಎರಡು ಗಂಟೆಗಳಲ್ಲಿ 180 ಜನ ಬಂದರೆ 60 ಜನರಿಗೆ ಮಾತ್ರ ಕಾಯಿ ಸಿಗುತ್ತದೆ, ಉಳಿದ 120 ಜನ ಕಾಯುತ್ತಾರೆ ಇಲ್ಲವೇ ಹಿಂದಿರುಗುತ್ತಾರೆ. ತೂಗಲು ಒಬ್ಬರು, ಹಣಕ್ಕೆ ಒಬ್ಬರು ಎಂದು ಕೆಲಸವನ್ನು ಹಂಚಿ ಎರಡು ತಕ್ಕಡಿ ಇಟ್ಟರೆ ಅದೇ ಎರಡು ಗಂಟೆಗಳಲ್ಲಿ 240 ಜನರಿಗೆ ಮಾರಬಹುದು. ಇಷ್ಟನ್ನು ಮನೆಯ ಜಗಲಿಯ ಮೇಲೆ ಕುಳಿತು ಲೆಕ್ಕ ಹಾಕಿದರೆ ಮೈದಾನದಲ್ಲಿ ಪರದಾಡಬೇಕಾಗಿಲ್ಲ.

ಒಂದು ಕೆಲಸಕ್ಕೆ ಒಂದೇ ಹೆಸರು

ನಮ್ಮ ಅದೇ ಮೇಳದಲ್ಲಿ ಒಂದು ತಕ್ಕಡಿ ಊರಿನಲ್ಲಿಯೇ ಉಳಿದುಬಿಟ್ಟಿತ್ತು. ಪಟ್ಟಿಯಲ್ಲಿ “ತಕ್ಕಡಿ: ಸಮಿತಿಯವರು” ಎಂದು ಬರೆದಿತ್ತು. ಸಮಿತಿಯಲ್ಲಿ ಐದು ಜನರಿದ್ದರು. ಉಳಿದ ನಾಲ್ವರು ತಂದಿರುತ್ತಾರೆಂದು ಪ್ರತಿಯೊಬ್ಬರೂ ತಿಳಿದಿದ್ದರು.

ಆದುದರಿಂದ ಪ್ರತಿ ಕೆಲಸದ ಮುಂದೆ ಒಬ್ಬರ ಹೆಸರು, ಅವರಿಗೆ ಅಡಚಣೆಯಾದರೆ ನೋಡಿಕೊಳ್ಳುವ ಇನ್ನೊಬ್ಬರ ಹೆಸರು, ಮುಗಿಸಬೇಕಾದ ದಿನ, ಈ ಮೂರನ್ನು ಬರೆಯಬೇಕು. ಸಹಾಯಕ್ಕೆ ಹತ್ತು ಜನರಿರಲಿ, ಉತ್ತರ ಹೇಳುವವರು ಒಬ್ಬರೇ ಇರಬೇಕು. ಪಟ್ಟಿಯನ್ನು ಎಲ್ಲರ ಎದುರಿಗೆ ಓದಿ, ಆಯಾ ವ್ಯಕ್ತಿಯ ಬಾಯಿಂದಲೇ ಒಪ್ಪಿಗೆ ಪಡೆಯಬೇಕು. ಹೆಣ್ಣುಮಕ್ಕಳನ್ನು ತಿಂಡಿಯ ಕೆಲಸಕ್ಕೆ ಮಾತ್ರ ಮೀಸಲಿಡದೆ, ಸ್ವಸಹಾಯ ಸಂಘದ ಲೆಕ್ಕದಲ್ಲಿ ಪಳಗಿದವರಿಗೆ ಹಣದ ಮೇಜನ್ನು ವಹಿಸಿದರೆ ಲೆಕ್ಕ ಸರಿಯಾಗಿರುತ್ತದೆ.

ಮೇಳ ಮುಗಿದ ಮೇಲೆ

ಮಾಲು ಉಳಿದರೆ ಎಷ್ಟು ಗಂಟೆಗೆ ಬೆಲೆ ಇಳಿಸಬೇಕು, ನಂತರ ಎಲ್ಲಿಗೆ ಸಾಗಿಸಬೇಕು ಎಂಬುದನ್ನು ಮೊದಲೇ ನಿರ್ಧರಿಸಿರಬೇಕು. ಮೂರು ದಿನಗಳೊಳಗೆ ತಂಡವೆಲ್ಲ ಸೇರಿ ತಂದ ಮಾಲು, ಮಾರಿದ ಮಾಲು, ಖರ್ಚು, ಕೈಗೆ ಬಂದ ಹಣ ಇವುಗಳ ಲೆಕ್ಕ ಓದಬೇಕು. ಏನು ತಪ್ಪಿತೆಂದು ಕೇಳಬೇಕೇ ಹೊರತು ಯಾರು ತಪ್ಪಿದರೆಂದಲ್ಲ. ಬೈಗುಳಕ್ಕೆ ಹೆದರಿದವನು ಮುಂದಿನ ಸಲ ತೊಂದರೆಯನ್ನು ಮುಚ್ಚಿಡುತ್ತಾನೆ. ಈ ಮಾತುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಮುಂದಿನ ವರ್ಷ ಕೆಲಸಗಳನ್ನು ಅದಲು ಬದಲು ಮಾಡಿ ಹಂಚಿದರೆ ಇಡೀ ತಂಡ ಕಲಿಯುತ್ತದೆ.

ಆ ವರ್ಷದ ನಷ್ಟದ ನಂತರ ಆ ರೈತರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು: “ಸಾರ್, ಮುಂದಿನ ಸಲ ಕಾಯನ್ನು ಕೇಳಿ ದಿನ ಇಡೋಣವೇ?” ಮೇಳದ ಯೋಜನೆಗೆ ಇದಕ್ಕಿಂತ ಉತ್ತಮವಾದ ಮೊದಲ ಸಾಲು ನನಗೆ ತಿಳಿದಿಲ್ಲ. ಬರುವ ಮುಂಗಾರಿನಲ್ಲಿ ಅಕ್ಕಡಿ ಸಾಲು ಬಿತ್ತುವಾಗಲೇ ಸಂಘದ ಸಭೆ ಸೇರಿಸಿ, ಕೂರಿಗೆಯ ಜೊತೆಗೆ ಒಂದು ಪುಸ್ತಕವನ್ನೂ ತೆರೆಯಿರಿ. ತಳಿ ಮತ್ತು ಕೊಯ್ಲಿನ ಹಂತದ ಬಗ್ಗೆ ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ಸಲಹೆ ಪಡೆಯಬಹುದು.