ಊರಿನ ಇತಿಹಾಸದ ಹುಡುಕಾಟಕ್ಕೆ ಹಳೆಯ ಹೆಸರೇ ಕೀಲಿಕೈ

ಕುಂದಾಪುರ: ಬಸ್ರೂರಿನ ವ್ಯಾಪಾರ, ಬಾರ್ಕೂರಿನ ಶಾಸನ, ಬೈಂದೂರಿನ ಕಡಲ ಬದುಕು ಇತ್ಯಾದಿ ವಿಷಯಗಳ ಮೇಲೆ ಕಿರುಪ್ರಬಂಧ ಬರೆಯಹೊರಟ ಕಾಲೇಜು ವಿದ್ಯಾರ್ಥಿಗೆ ಮೊದಲು ತೊಡಕಾಗುವುದು ಊರಿನ ಹೆಸರು. ಗ್ರಂಥಾಲಯದ ಸೂಚಿಯಲ್ಲಿ ‘ಉಡುಪಿ ಜಿಲ್ಲೆ’ ಎಂದಷ್ಟೇ ಹುಡುಕಿದರೆ ಹಳೆಯ ಆಕರಗಳು ಕಣ್ಣಿಗೆ ಬೀಳುವುದಿಲ್ಲ.

ಕಾರಣ ಸರಳ. ಉಡುಪಿ ಜಿಲ್ಲೆ ರಚನೆಯಾದುದು 1997ರಲ್ಲಿ. ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳು ಅಸ್ತಿತ್ವಕ್ಕೆ ಬಂದುದು 2018ರಲ್ಲಿ. ಅದಕ್ಕೂ ಮುನ್ನ ಬೈಂದೂರು ಕುಂದಾಪುರ ತಾಲ್ಲೂಕಿನಲ್ಲಿಯೂ, ಬ್ರಹ್ಮಾವರ ಉಡುಪಿ ತಾಲ್ಲೂಕಿನಲ್ಲಿಯೂ ಇದ್ದವು. 1956ರವರೆಗೆ ಇಡೀ ಪ್ರದೇಶ ಮದ್ರಾಸ್ ಆಡಳಿತದ ‘ಸೌತ್ ಕೆನರಾ’ ಜಿಲ್ಲೆಗೆ ಸೇರಿತ್ತು. ಆಂಗ್ಲ ದಾಖಲೆಗಳಲ್ಲಿ ಕುಂದಾಪುರ ‘ಕೂಂಡಾಪೂರ್’ ಆಗಿದ್ದರೆ, ಪೋರ್ಚುಗೀಸರ ಬರಹಗಳಲ್ಲಿ ಬಸ್ರೂರು ‘ಬಾರ್ಸೆಲೋರ್’ ಆಗಿದೆ.

ಎಲ್ಲಿ ಹುಡುಕಬೇಕು?

ಜೆ. ಸ್ಟರಕ್ ಅವರ ‘ಸೌತ್ ಕೆನರಾ’ ಕೈಪಿಡಿಯ ಮೊದಲ ಸಂಪುಟ (1894), 1973ರ ಜಿಲ್ಲಾ ಗೆಜೆಟಿಯರ್ ಹಾಗೂ 1975ರಲ್ಲಿ ಪ್ರಕಟವಾದ ಪಾದೂರು ಗುರುರಾಜ ಭಟ್ಟರ ತುಳುವ ಇತಿಹಾಸ ಗ್ರಂಥ ಆರಂಭಕ್ಕೆ ಯೋಗ್ಯ ಆಕರಗಳು. ಬಾರ್ಕೂರಿನ ಅನೇಕ ಶಾಸನಗಳ ಪಾಠ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಏಳನೇ ಸಂಪುಟದಲ್ಲಿದೆ. ಪಿಎಚ್.ಡಿ. ಪ್ರಬಂಧಗಳನ್ನು ‘ಶೋಧಗಂಗಾ’ ಜಾಲತಾಣದಲ್ಲಿ ಉಚಿತವಾಗಿ ಓದಬಹುದು. ಒಂದು ಉತ್ತಮ ಗ್ರಂಥ ದೊರೆತರೆ ಅದರ ಕೊನೆಯ ಗ್ರಂಥಋಣದ ಪುಟಗಳೇ ಮುಂದಿನ ಹತ್ತು ಪುಸ್ತಕಗಳ ದಾರಿ ತೋರುತ್ತವೆ.

ಹೇಗೆ ಉಲ್ಲೇಖಿಸಬೇಕು?

ಲೇಖಕ, ಕೃತಿ, ಪ್ರಕಾಶಕರು, ಸ್ಥಳ, ವರ್ಷ, ಪುಟ – ಇವಿಷ್ಟನ್ನೂ ಪುಸ್ತಕ ಹಿಂತಿರುಗಿಸುವ ಮೊದಲೇ ಬರೆದುಕೊಳ್ಳುವುದು ಲೇಸು. ಶಾಸನವಾದರೆ ಸಂಪುಟದ ಜೊತೆಗೆ ಶಾಸನ ಸಂಖ್ಯೆ ಅಗತ್ಯ. ಸ್ಟರಕ್ ಅವರ ಮಾತನ್ನು ಬೇರೊಬ್ಬರ ಗ್ರಂಥದಲ್ಲಿ ಓದಿದ್ದರೆ, ಓದಿದ ಗ್ರಂಥವನ್ನೇ ಹೆಸರಿಸಬೇಕು. ಮೂಲವನ್ನೇ ಕಂಡಂತೆ ಬರೆಯುವುದು ತಪ್ಪು. ಆಕರದಲ್ಲಿರುವ ಹಳೆಯ ಸ್ಥಳನಾಮವನ್ನು ತಿದ್ದದೆ ಉಳಿಸಿಕೊಂಡು, ಇಂದಿನ ಹೆಸರನ್ನು ಆವರಣದಲ್ಲಿ ಕೊಡುವುದು ಸೂಕ್ತ.

ಇದು ಕೇವಲ ಶಿಷ್ಟಾಚಾರವಲ್ಲ. ಯುಜಿಸಿಯ 2018ರ ನಿಯಮಾವಳಿಯಂತೆ ಸಂಶೋಧನಾ ಪ್ರಬಂಧದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ಶೇ. 60 ಮೀರಿದರೆ ವಿದ್ಯಾರ್ಥಿಯ ನೋಂದಣಿಯೇ ರದ್ದಾಗುತ್ತದೆ. ಆಕರವನ್ನು ಹೆಸರಿಸಿ ಉದ್ಧರಿಸಿದ ಭಾಗ ಈ ಲೆಕ್ಕಕ್ಕೆ ಸೇರುವುದಿಲ್ಲ.

ಪುಟಸಂಖ್ಯೆಯಿಲ್ಲದ ಹೇಳಿಕೆಯನ್ನು ಮುಂದಿನವರು ಪರಿಶೀಲಿಸಲಾರರು. ಊರಿನ ಚರಿತ್ರೆಯಲ್ಲಿ ಐತಿಹ್ಯ ಯಾವುದು, ದಾಖಲೆ ಯಾವುದು ಎಂಬ ಗೆರೆ ಅಳಿಸಿಹೋಗುವುದು ಹೀಗೆಯೇ.