ಬಾಂಗ್ಲಾದೇಶದ ಅಂಗಿ ಲೆಕ್ಕ: ಬೆಳವಣಿಗೆ ಬಂತು, ಯಾರ ಪಾಲಿಗೆ?

ಈ ಸಂಚಿಕೆ ಶುರು ಮಾಡೋಕೆ ಮುಂಚೆ ಒಂದು ಸಣ್ಣ ಕೆಲಸ. ನಿಮ್ಮ ಟಿ-ಶರ್ಟ್ ಒಳಗಡೆ ಹೊಲಿದಿರೋ ಲೇಬಲ್ ನೋಡಿ. ವಿದೇಶಿ ಬ್ರ್ಯಾಂಡ್ ಆಗಿದ್ರೆ, ಅದರಲ್ಲಿ 'ಮೇಡ್ ಇನ್ ಬಾಂಗ್ಲಾದೇಶ್' ಅಂತ ಇದ್ರೂ ಇರಬಹುದು.

2020ರ ಅಕ್ಟೋಬರ್‌ನಲ್ಲಿ ಅಂತಾರಾಷ್ಟ್ರೀಯ ಹಣಕಾಸು ನಿಧಿ ಒಂದು ಅಂದಾಜು ಕೊಟ್ಟಿತ್ತು. ಆ ವರ್ಷ ಬಾಂಗ್ಲಾದೇಶದ ತಲಾ ಜಿಡಿಪಿ 1,888 ಡಾಲರ್, ಭಾರತದ್ದು 1,877. ನಮ್ಮಲ್ಲಿ ಇದರ ಬಗ್ಗೆ ದೊಡ್ಡ ಚರ್ಚೆ ಆಯ್ತು. ಅದು ಕೋವಿಡ್ ವರ್ಷ, ಆ ಒಂದೇ ಅಂಕಿ ಹಿಡ್ಕೊಂಡು ಕೂರೋದು ಬೇಡ. ನಾನು ಕೇಳೋ ಪ್ರಶ್ನೆ ಬೇರೆ. 1971ರಲ್ಲಿ ಯುದ್ಧದ ಬೂದಿಯಿಂದ ಎದ್ದ, ಸೆಣಬು ಬಿಟ್ಟರೆ ಹೇಳಿಕೊಳ್ಳುವಂಥ ರಫ್ತೇ ಇಲ್ಲದ ದೇಶ ಇಲ್ಲಿವರೆಗೆ ಬಂದಿದ್ದು ಹೇಗೆ?

130 ಜನ ಕೊರಿಯಾಗೆ ಹೋದ್ರು

1974ರಲ್ಲಿ ಶ್ರೀಮಂತ ದೇಶಗಳು ಬಟ್ಟೆ ಆಮದಿಗೆ ಕೋಟಾ ಹಾಕಿದವು. ಯಾವ ದೇಶದಿಂದ ಎಷ್ಟು ಬಟ್ಟೆ ಬರಬಹುದು ಅನ್ನೋದಕ್ಕೆ ಮಿತಿ. ದಕ್ಷಿಣ ಕೊರಿಯಾಗೆ ಈ ಮಿತಿ ದೊಡ್ಡ ತಲೆನೋವು. ಬಾಂಗ್ಲಾದೇಶಕ್ಕೆ ಮಿತಿ ಇರಲಿಲ್ಲ. ಯಾಕಂದ್ರೆ ಅದು ಬಟ್ಟೆ ಮಾರ್ತಾನೇ ಇರಲಿಲ್ಲ!

ಕೊರಿಯಾದ ಡೇವೂ ಕಂಪನಿ ಈ ಸಂದು ನೋಡ್ಕೊಂಡು, 1970ರ ದಶಕದ ಕೊನೆಯಲ್ಲಿ ನೂರುಲ್ ಖಾದರ್ ಅವರ ದೇಶ್ ಗಾರ್ಮೆಂಟ್ಸ್ ಜೊತೆ ಒಪ್ಪಂದ ಮಾಡ್ಕೊಂಡಿತು. 130 ಜನ ಬುಸಾನ್‌ಗೆ ಹೋಗಿ ಹೊಲಿಗೆ, ಗುಣಮಟ್ಟದ ತಪಾಸಣೆ, ಫ್ಯಾಕ್ಟರಿ ನಡೆಸೋದು ಎಲ್ಲಾ ಕಲಿತು ಬಂದ್ರು. 1980ರಲ್ಲಿ ಮೊದಲ ಅಂಗಿಗಳು ಹೊರಬಂದವು.

ಆಮೇಲೆ ಆಗಿದ್ದು ಮಜಾ. ಆ 130 ಜನರಲ್ಲಿ ಹೆಚ್ಚಿನವರು ಕೆಲವೇ ವರ್ಷಗಳಲ್ಲಿ ಕೆಲಸ ಬಿಟ್ಟು ಸ್ವಂತ ಫ್ಯಾಕ್ಟರಿ ಹಾಕಿದ್ರು, ಇಲ್ಲಾ ಬೇರೆ ಫ್ಯಾಕ್ಟರಿಗೆ ಸೇರಿದ್ರು. ಕಂಪನಿಗೆ ಇದು ನಷ್ಟ, ದೇಶಕ್ಕೆ ಲಾಭ. ಕಲಿತ ಕೆಲಸ ಒಂದು ಕಾಂಪೌಂಡ್ ಒಳಗೇ ಉಳಿಯಲಿಲ್ಲ.

ಸರ್ಕಾರ ಮಾಡಿದ ಎರಡು ಕೆಲಸ

ಆದ್ರೆ ಕೆಲಸ ಗೊತ್ತಿದ್ರೆ ಸಾಲದು, ಬಂಡವಾಳ ಬೇಕು. ಇಲ್ಲಿ ಎರಡು ನಿಯಮಗಳು ಕೈ ಹಿಡಿದವು.

ಒಂದು, ಬಾಂಡೆಡ್ ವೇರ್‌ಹೌಸ್. ರಫ್ತು ಮಾಡೋ ಅಂಗಿಗೆ ಬೇಕಾದ ಬಟ್ಟೆಯನ್ನ ಸುಂಕ ಕಟ್ಟದೇ ತರಿಸಬಹುದು. ಗೋದಾಮಿನ ಲೆಕ್ಕ ಕಸ್ಟಮ್ಸ್ ಇಲಾಖೆ ನೋಡ್ಕೊಳ್ಳುತ್ತೆ.

ಎರಡು, ಬ್ಯಾಕ್-ಟು-ಬ್ಯಾಕ್ ಎಲ್‌ಸಿ. ಎಲ್‌ಸಿ ಅಂದ್ರೆ 'ಸರಕು ಕಳಿಸಿದ ದಾಖಲೆ ಸರಿಯಾಗಿದ್ರೆ ದುಡ್ಡು ಕೊಡ್ತೀವಿ' ಅಂತ ಬ್ಯಾಂಕ್ ಕೊಡೋ ಮಾತು. ವಿದೇಶಿ ಗ್ರಾಹಕ ಕೊಟ್ಟ ಎಲ್‌ಸಿ ತೋರಿಸಿ, ಫ್ಯಾಕ್ಟರಿಯವರು ಊರಿನ ಬ್ಯಾಂಕ್‌ನಲ್ಲಿ ಬಟ್ಟೆ ಖರೀದಿಗೆ ಇನ್ನೊಂದು ಎಲ್‌ಸಿ ತೆಗೆಸಬಹುದು. ಅಂಗಿ ಮಾರಿದ ಮೇಲೆ ಬಟ್ಟೆಯ ಸಾಲ ತೀರಿಸಿದ್ರಾಯ್ತು. ಅಂದ್ರೆ, ಕೈಯಲ್ಲಿ ಆರ್ಡರ್ ಇದ್ರೆ ಬಟ್ಟೆ ಕೊಳ್ಳೋಕೆ ಸ್ವಂತ ದುಡ್ಡು ಸುರಿಯಬೇಕಿಲ್ಲ.

ಅದೇ ಕಾಲಕ್ಕೆ ನಮ್ಮಲ್ಲಿ ಸಿದ್ಧ ಉಡುಪು ತಯಾರಿಕೆ ಸಣ್ಣ ಕೈಗಾರಿಕೆಗಳಿಗೇ ಮೀಸಲು. ಉದ್ದೇಶ ಒಳ್ಳೇದೇ. ಆದ್ರೆ ಫ್ಯಾಕ್ಟರಿ ದೊಡ್ಡದಾಗೋಕೆ ಕಾನೂನೇ ಅಡ್ಡ ಬಂತು. ಈ ಮೀಸಲು ಸಡಿಲ ಆಗೋಕೆ ಹೊಸ ಶತಮಾನದವರೆಗೆ ಕಾಯಬೇಕಾಯ್ತು. ಅಷ್ಟರಲ್ಲಿ ಢಾಕಾ, ಚಿತ್ತಗಾಂಗ್ ತುಂಬಾ ದೂರ ಹೋಗಿಬಿಟ್ಟಿದ್ದವು.

ಇವತ್ತು ಬಾಂಗ್ಲಾದೇಶದ ರಫ್ತಿನಲ್ಲಿ ಶೇ 80ಕ್ಕೂ ಹೆಚ್ಚು ಪಾಲು ಉಡುಪಿನದ್ದೇ. ಸುಮಾರು 40 ಲಕ್ಷ ಜನ ಈ ಕೆಲಸದಲ್ಲಿದ್ದಾರೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳು. ಹಳ್ಳಿಯಿಂದ ಬಂದು ತಮ್ಮದೇ ಸಂಬಳ ಎಣಿಸಿದ ಮೊದಲ ತಲೆಮಾರು ಇವರು.

ಗೋಡೆಯಲ್ಲಿ ಬಿರುಕು

ಈಗ ಈ ಲೆಕ್ಕದ ಇನ್ನೊಂದು ಪುಟ. 2013ರ ಏಪ್ರಿಲ್ 24, ಢಾಕಾ ಪಕ್ಕದ ಸಾವರ್. ರಾಣಾ ಪ್ಲಾಜಾ ಅನ್ನೋ ಎಂಟು ಮಹಡಿ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು. ಅದೇ ಕಟ್ಟಡದಲ್ಲಿದ್ದ ಬ್ಯಾಂಕ್ ತನ್ನ ಸಿಬ್ಬಂದಿಗೆ ಬರಬೇಡಿ ಅಂತ ಹೇಳಿತು. ಗಾರ್ಮೆಂಟ್ಸ್‌ನವರಿಗೆ ಮಾತ್ರ ಕೆಲಸಕ್ಕೆ ಬನ್ನಿ ಅಂದ್ರು.

ಆ ದಿನ ಕೆಲಸ ಬಿಟ್ಟರೆ ತಿಂಗಳ ಸಂಬಳಕ್ಕೇ ಕತ್ತರಿ ಬೀಳುತ್ತೆ ಅನ್ನೋ ಭಯ. ಅವರ ಬಳಿ 'ಬರಲ್ಲ' ಅನ್ನೋ ಶಕ್ತಿ ಇರಲಿಲ್ಲ. ಜಿಡಿಪಿಯಲ್ಲಿ ಈ ಶಕ್ತಿಯನ್ನ ಅಳೆಯೋ ಕಾಲಂ ಇಲ್ಲ.

ದುರಂತದ ನಂತರ ವಿದೇಶಿ ಬ್ರ್ಯಾಂಡ್‌ಗಳು ಕಾರ್ಮಿಕ ಸಂಘಟನೆಗಳ ಜೊತೆ 'ಅಕಾರ್ಡ್' ಅನ್ನೋ ಒಪ್ಪಂದಕ್ಕೆ ಸಹಿ ಹಾಕಿದವು. ಸಾವಿರಾರು ಸುರಕ್ಷತಾ ತಪಾಸಣೆಗಳು ನಡೆದವು, ಕಟ್ಟಡಗಳು ಸುಧಾರಿಸಿದವು. ಸಂಬಳ? 2023ರಲ್ಲಿ ಕಾರ್ಮಿಕರು ತಿಂಗಳಿಗೆ 23,000 ಟಾಕಾ ಕೇಳಿದ್ರು. ಸಿಕ್ಕಿದ್ದು 12,500.

ಇದು ನಮಗೆ ದೂರದ ಕಥೆ ಅಲ್ಲ. 2016ರ ಏಪ್ರಿಲ್‌ನಲ್ಲಿ ಪಿಎಫ್ ಹಿಂಪಡೆಯೋ ನಿಯಮ ಬದಲಾಯಿಸಿದಾಗ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗೆ ಇಳಿದ್ರು. ಹೊಸೂರು ರಸ್ತೆ, ತುಮಕೂರು ರಸ್ತೆ ಬಂದ್ ಆದವು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು.

ಡಿಗ್ರಿ ಇದೆ, ಕೆಲಸ ಇಲ್ಲ

ಕೊನೆಯ ಮಾತು, ನಿಮ್ಮ ವಯಸ್ಸಿನವರದ್ದು. ವರ್ಷಕ್ಕೆ ಶೇ 6ರ ಆಸುಪಾಸು ಬೆಳೆಯುತ್ತಿದ್ದ ದೇಶದಲ್ಲೇ 2024ರ ಜುಲೈನಲ್ಲಿ ವಿದ್ಯಾರ್ಥಿಗಳು ಬೀದಿಗೆ ಬಂದ್ರು. ಶುರುವಾಗಿದ್ದು ಸರ್ಕಾರಿ ನೌಕರಿಯ ಮೀಸಲಾತಿ ವಿಷಯಕ್ಕೆ. ನೂರಾರು ಜನ ಸತ್ತರು. ಆಗಸ್ಟ್ 5ರಂದು ಶೇಖ್ ಹಸೀನಾ ದೇಶ ಬಿಟ್ಟರು.

ಇದಕ್ಕೆ ರಾಜಕೀಯ ಕಾರಣಗಳು ಹಲವಾರು. ಆದ್ರೆ ಆರ್ಥಿಕ ಕಾರಣ ಒಂದು ಸ್ಪಷ್ಟ. ಹೊಲಿಗೆ ಯಂತ್ರದ ಮುಂದೆ ಕೂತ ಅಮ್ಮ ಮಗನನ್ನ ಓದಿಸಿದಳು. ಓದಿದ ಮಗನಿಗೆ ತಕ್ಕ ಕೆಲಸವನ್ನ ಆ ಆರ್ಥಿಕತೆ ಸೃಷ್ಟಿಸಲಿಲ್ಲ. ಒಂದೇ ಸರಕಿನ ಮೇಲೆ ನಿಂತ ದೇಶಕ್ಕೆ ಎದುರಾಗೋ ಗೋಡೆ ಇದು. ಮೊದಲ ಮೆಟ್ಟಿಲು ಹತ್ತಿಸಿದ ನೀತಿ ಎರಡನೇ ಮೆಟ್ಟಿಲಿಗೆ ಸಾಕಾಗಲ್ಲ.

ಹಾಗಂತ ಗಾರ್ಮೆಂಟ್ಸ್ ಬೇಡವಾಗಿತ್ತಾ? ನನ್ನ ಉತ್ತರ, ಖಂಡಿತಾ ಬೇಕಿತ್ತು. ಅದಿಲ್ಲದೇ ಆ ಅಮ್ಮನ ಕೈಗೆ ಸಂಬಳವೇ ಬರ್ತಿರಲಿಲ್ಲ. ಆದ್ರೆ ಮುಂದಿನ ಸಲ 'ದೇಶ ಶೇ 7ರಷ್ಟು ಬೆಳೀತು' ಅನ್ನೋ ನೋಟಿಫಿಕೇಷನ್ ಬಂದಾಗ ಇನ್ನೆರಡು ಪ್ರಶ್ನೆ ಕೇಳಿ: ಎಷ್ಟು ಜನಕ್ಕೆ ಕೆಲಸ ಸಿಕ್ತು? ಗೋಡೆಯಲ್ಲಿ ಬಿರುಕು ಕಂಡ್ರೆ ಒಳಗೆ ಹೋಗಲ್ಲ ಅನ್ನೋ ಧೈರ್ಯ ಅವರಿಗಿದೆಯಾ?

ನಿಮ್ಮ ಮನೇಲಿ ಗಾರ್ಮೆಂಟ್ಸ್‌ನಲ್ಲಿ ದುಡಿದವರು ಇದ್ರೆ ಅವರ ಅನುಭವ ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.