ಚೀನಾದ ಬೀದಿಯ ದೋಸೆ: ಹಲಾಲೋ, ಹರಾಮೋ?

ವೈದ್ಯಕೀಯ ಓದಿಗೆಂದು, ವ್ಯಾಪಾರಕ್ಕೆಂದು ನಮ್ಮ ನಾಡಿನ ಮಕ್ಕಳು ಚೀನಾಕ್ಕೆ ಹೋಗುತ್ತಾರೆ. ಅವರು ಅಲ್ಲಿ ಏನು ತಿನ್ನುತ್ತಾರೋ ಎಂಬುದು ಹೆತ್ತವರ ಮೊದಲ ಚಿಂತೆ. 'ಅಲ್ಲಿನದೆಲ್ಲ ಹರಾಮ್' ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವವರೂ ನಮ್ಮ ನಡುವೆ ಇದ್ದಾರೆ. ಆದರೆ ನಾಲಿಗೆಗೆ ಬಂದಂತೆ ಇದು ಹಲಾಲ್, ಇದು ಹರಾಮ್ ಎನ್ನಬಾರದೆಂದು ಪವಿತ್ರ ಕುರ್‌ಆನ್ (16:116) ಎಚ್ಚರಿಸಿದೆ. ಆದ್ದರಿಂದ ಅಲ್ಲಿನ ಒಂದು ಬೆಳಗಿನ ತಿಂಡಿಯನ್ನೇ ತೆಗೆದುಕೊಂಡು ನೋಡೋಣ.

ಅದರ ಹೆಸರು ಜಿಯಾನ್‌ಬಿಂಗ್. ಉತ್ತರ ಚೀನಾದ ತಿಯಾನ್‌ಜಿನ್ ನಗರದಲ್ಲಿ ಇದು ಬಹಳ ಪ್ರಸಿದ್ಧ. ಹೆಸರುಕಾಳಿನ ಹಿಟ್ಟನ್ನು ದುಂಡನೆಯ ಕಾವಲಿಯ ಮೇಲೆ ತೆಳ್ಳಗೆ ಹರಡಿ, ಮೊಟ್ಟೆ ಒಡೆದು ಸವರಿ, ಈರುಳ್ಳಿ ಸೊಪ್ಪು ಉದುರಿಸುತ್ತಾರೆ. ಬಳಿಕ ಗೋಧಿಹಿಟ್ಟು ಹುದುಗಿಸಿ ಮಾಡಿದ ಸಿಹಿ ಸಾಸ್ ಮತ್ತು ಖಾರ ಹಚ್ಚಿ, ಎಣ್ಣೆಯಲ್ಲಿ ಕರಿದ ಹಿಟ್ಟಿನ ಕೋಲನ್ನು ಒಳಗಿಟ್ಟು ಮಡಚಿ ಕೊಡುತ್ತಾರೆ. ನಮ್ಮ ಹೆಸರುಕಾಳಿನ ದೋಸೆಯನ್ನು ನೆನಪಿಸುವ ತಿಂಡಿ.

ಕಾಳು, ಮೊಟ್ಟೆ, ಸೊಪ್ಪು ಮೂಲದಲ್ಲಿ ಹಲಾಲ್. ಪ್ರಶ್ನೆ ಏಳುವುದು ಮೂರು ಕಡೆ. ಒಂದು, ಹಲವು ಗಾಡಿಗಳಲ್ಲಿ ಒಳಗೆ ಸಾಸೇಜ್ ಇಡುತ್ತಾರೆ; ಅದು ಹಂದಿಮಾಂಸದ್ದಾಗಿರಬಹುದು. ನಾವು ಬೇಡವೆಂದರೂ ಕಾವಲಿ ಅದೇ, ಸಟ್ಟುಗವೂ ಅದೇ. ಎರಡು, ಕೋಲನ್ನು ಕರಿದ ಎಣ್ಣೆ ಯಾವುದು? ಮೂರು, ಕೆಲವರು ಹಚ್ಚುವ ಹುದುಗಿಸಿದ ತೋಫು. ಅದರ ತಯಾರಿಯಲ್ಲಿ ಮದ್ಯ ಸೇರಿಸುವುದುಂಟು. ಇನ್ನೊಂದು ಮಾತು: ಅಲ್ಲಿ ಬರೀ 'ರೌ', ಅಂದರೆ ಮಾಂಸ ಎಂದರೆ ಸಾಮಾನ್ಯವಾಗಿ ಹಂದಿಯದೇ.

ಹಾಗಾದರೆ ದಾರಿಯೇನು? ಚೀನಾದಲ್ಲಿ ಹುಯ್ ಮುಸ್ಲಿಮರೇ 1 ಕೋಟಿಗೂ ಹೆಚ್ಚಿದ್ದಾರೆ. ಅವರ ಅಂಗಡಿಗಳ ಮೇಲೆ 'ಚಿಂಗ್‌ಝೆನ್' ಎಂಬ ಎರಡು ಅಕ್ಷರಗಳಿರುತ್ತವೆ. 'ಶುದ್ಧ' ಮತ್ತು 'ಸತ್ಯ' ಎಂಬುದು ಅವುಗಳ ಅರ್ಥ. ಹಲಾಲ್‌ಗೆ ಅಲ್ಲಿ ಬಳಕೆಯಲ್ಲಿರುವ ಪದವೇ ಅದು. ಬೀಜಿಂಗ್‌ನ ನಿಯುಜಿಯೆ ಮಸೀದಿಯ ಸುತ್ತಮುತ್ತ ಇಂತಹ ತಿಂಡಿ ಅಂಗಡಿಗಳು ಬೇಕಾದಷ್ಟಿವೆ. ಮಕ್ಕಳನ್ನು ಕಳಿಸುವ ಮುನ್ನ ಆ ಎರಡು ಅಕ್ಷರಗಳ ಗುರುತು ಹಿಡಿಯಲು ಕಲಿಸಿ. ಹೋದ ಊರಿನಲ್ಲಿ ಮೊದಲು ಮಸೀದಿಯನ್ನು ಹುಡುಕಲು ಹೇಳಿ; ಹಲಾಲ್ ಊಟದ ಸುದ್ದಿ ಜುಮಾಕ್ಕೆ ಬರುವವರಿಂದಲೇ ಸಿಗುತ್ತದೆ.

ಸಂಶಯವಿರುವುದನ್ನು ಬಿಟ್ಟವನು ತನ್ನ ದೀನನ್ನೂ ಮಾನವನ್ನೂ ಕಾಪಾಡಿಕೊಂಡನೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಕೇಳಿ ತಿಳಿದು ತಿನ್ನುವುದು ತಖ್ವಾ. ಕೇಳದೆ ತಿನ್ನುವುದು ಅಸಡ್ಡೆ. ಕೇಳದೆ ಹರಾಮ್ ಎನ್ನುವುದೂ ಅಸಡ್ಡೆಯೇ. ದೂರದ ನಾಡಿನಲ್ಲಿರುವ ನಮ್ಮ ಮಕ್ಕಳಿಗೆ ಅಲ್ಲಾಹನು ಶುದ್ಧ ಆಹಾರವನ್ನು ಕರುಣಿಸಲಿ, ಆಮೀನ್.